ಅತ್ತಿಗೆ ಕಲಿತ ಇಂಗ್ಲಿಷ್

ನಮ್ಮ ಮನೆಯಲ್ಲಿ ಒಂಬತ್ತು ವರ್ಷ ‘ನೀನು’ ಅನ್ನುವ ಮಾತಿರಲಿಲ್ಲ. ‘ನೀವು’ ಕೂಡ ಇರಲಿಲ್ಲ. ನಾನು ನನ್ನ ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದೆ, ಅತ್ತಿಗೆ ನನ್ನ ಜೊತೆ ಬಿಟ್ಟಿದ್ದರು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಎರಡು ಕರೆಂಟ್ ಮಗ್ಗದ ಮನೆ ನಮ್ಮದು. ಕೆಳಗೆ ಮಗ್ಗ, ಅಡುಗೆಮನೆ, ಒಂದು ಕೋಣೆ; ಮೇಲೆ ಇನ್ನೊಂದು ಕೋಣೆ. ಅಷ್ಟು ಜಾಗದಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಮಾತಾಡಿಸದೆ ಒಂಬತ್ತು ವರ್ಷ ಹೇಗಪ್ಪಾ ಕಳೆದರು ಅಂತ ಯಾರಿಗಾದರೂ ಅನ್ನಿಸಿದರೆ, ಕನ್ನಡದಲ್ಲಿ ಅದು ಬಹಳ ಸುಲಭ ಅಂತಷ್ಟೇ ನಾನು ಹೇಳಬಲ್ಲೆ.

ಕುಕ್ಕರ್ ಮೂರು ಸಲ ಕೂಗಾಯ್ತು, ಇಳಿಸೋರು ಇಳಿಸ್ಕೋಬೋದು ಅಂತ ಅತ್ತಿಗೆ ಗೋಡೆಗೆ ಹೇಳುತ್ತಿದ್ದರು. ನಾನು ಇಳಿಸುತ್ತಿದ್ದೆ. ಮಳೆ ಬರೋ ಹಂಗಿದೆ, ಬಟ್ಟೆ ಹೊರಗೇ ಇದೆ ಅಂತ ನಾನು ಕಿಟಕಿಗೆ ಹೇಳುತ್ತಿದ್ದೆ. ಅತ್ತಿಗೆ ಎದ್ದು ಹೋಗಿ ತರುತ್ತಿದ್ದರು. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಅಂತ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ‘ಬಂದೆ’ ಅಂದರೆ ಬಂದವಳು ನಾನೇ ಅಂತ ಗೊತ್ತಾಗುತ್ತದೆ, ‘ನಾನು’ ಅನ್ನುವುದನ್ನು ಮಾತಿನ ಬಾಲದಲ್ಲೇ ಅಡಗಿಸಿಬಿಡಬಹುದು. ಊಟ ಆಯ್ತಾ ಅಂತ ಕೇಳಿ ಬೇರೆ ಕಡೆ ನೋಡುತ್ತ ನಿಂತರೆ ಕೇಳಿದ್ದು ಬೆಕ್ಕನ್ನು ಅಂತಲೂ ವಾದಿಸಬಹುದು. ನಾನು ಹಾಗೆ ವಾದಿಸಿದ್ದೇನೆ ಕೂಡ.

ನಾನು ಇಂಗ್ಲಿಷ್ ಟೀಚರ್. ಹಗಲು ಒಂದು ಖಾಸಗಿ ಶಾಲೆ. ಸಂಜೆ ಆರರಿಂದ ಏಳೂವರೆಯವರೆಗೆ ನಮ್ಮ ಮೇಲಿನ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಬರುವವರು ಹೆಚ್ಚಾಗಿ ಸುತ್ತಮುತ್ತಲಿನ ಹುಡುಗಿಯರು, ದೇವನಹಳ್ಳಿ ಏರ್‌ಪೋರ್ಟಿನ ಅಂಗಡಿಗಳಲ್ಲೋ ಅದರ ಅಕ್ಕಪಕ್ಕದ ಹೋಟೆಲುಗಳಲ್ಲೋ ಕೆಲಸ ಹುಡುಕುವವರು. ಕೆಳಗೆ ಮಗ್ಗ ಓಡುತ್ತಿದ್ದರೆ ಮೇಲೆ ನೆಲ ಅದುರುತ್ತದೆ. ಮೇಜಿನ ಮೇಲಿಟ್ಟ ಸೀಮೆಸುಣ್ಣ ತಾನೇ ಅಂಚಿಗೆ ಸರಿದು ಬೀಳುತ್ತದೆ. ಹೊಸದಾಗಿ ಬಂದವರು ಅದನ್ನು ನೋಡಿ ನಗುತ್ತಾರೆ, ವಾರ ಕಳೆದ ಮೇಲೆ ಯಾರೂ ನಗುವುದಿಲ್ಲ.

ಮೊದಲ ದಿನ ನಾನು ಬೋರ್ಡಿನ ಮೇಲೆ ಮೂರು ಮನೆ ಎಳೆಯುತ್ತೇನೆ. ಯಾರು, ಏನು ಮಾಡ್ತಾರೆ, ಯಾವುದನ್ನ. ಐ ಡ್ರಿಂಕ್ ಟೀ. ಶಿ ಓಪನ್ಸ್ ದ ಡೋರ್. ನಮ್ಮ ಹುಡುಗಿಯರು ಮೊದಲನೇ ಮನೆಯನ್ನು ಯಾವಾಗಲೂ ಖಾಲಿ ಬಿಡುತ್ತಾರೆ. ‘ಡ್ರಿಂಕ್ ಟೀ’ ಅಂತ ಶುರು ಮಾಡುತ್ತಾರೆ. ಯಾರಮ್ಮ ಕುಡಿದಿದ್ದು, ಪಕ್ಕದ ಮನೆಯವರಾ ಅಂತ ನಾನು ರೇಗುತ್ತೇನೆ. ಕನ್ನಡದವರಿಗೆ ಕೊನೆತನಕ ಕಾಯುವ ಅಭ್ಯಾಸ, ಮಾಡಿದ್ದು ಏನು ಅನ್ನುವುದು ಕಟ್ಟಕಡೆಗೆ ಬರುತ್ತದೆ. ಇಂಗ್ಲಿಷಿನವರಿಗೆ ಅಷ್ಟು ತಾಳ್ಮೆಯಿಲ್ಲ. ಯಾರು ಅಂತ ಹೇಳಿದ ಕೂಡಲೇ ಏನು ಮಾಡಿದರು ಅಂತಲೂ ಹೇಳಿಬಿಡಬೇಕು. ಒಂದು ಸಲ ಹೆಸರು ಹೇಳಿದರೆ ಆಮೇಲೆ ಹೀ, ಶಿ ಅಂತ ಮುಗಿಸಿಬಿಡುತ್ತಾರೆ. ಅಜ್ಜಿಗೂ ಶಿ, ಮಗುವಿಗೂ ಶಿ. ‘ಯು’ ಅನ್ನುವುದರಲ್ಲಂತೂ ಮರ್ಯಾದೆಯೂ ಇಲ್ಲ, ಸಲಿಗೆಯೂ ಇಲ್ಲ. ಇದನ್ನೆಲ್ಲ ವರ್ಷಗಟ್ಟಲೆ ಗಿಣಿಪಾಠದಂತೆ ಹೇಳಿಕೊಟ್ಟಿದ್ದೇನೆ, ನನ್ನ ಮನೆಗೂ ಇದಕ್ಕೂ ಸಂಬಂಧವಿದೆ ಅಂತ ಅನ್ನಿಸಿರಲಿಲ್ಲ.

ನಮ್ಮ ಶಾಲೆಗೆ ಒಮ್ಮೆ ತರಬೇತಿ ಕೊಡಲು ಬಂದವರೊಬ್ಬರು, ಇದು ನೇಕಾರರ ಊರಲ್ಲವೇ, ಪದಗಳನ್ನು ದಾರಕ್ಕೂ ವಾಕ್ಯವನ್ನು ಸೀರೆಗೂ ಹೋಲಿಸಿ ಪಾಠ ಮಾಡಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಮಗ್ಗ ಅಂದರೆ ಸದ್ದು, ಎಣ್ಣೆ, ಕಿತ್ತುಹೋಗುವ ದಾರ, ಸೊಂಟನೋವು. ವಾಕ್ಯದಲ್ಲಿ ಅದರಲ್ಲೊಂದೂ ಇಲ್ಲ ಸಾರ್ ಅಂದೆ. ಹೆಡ್‌ಮಿಸ್ ನನ್ನ ಕಡೆ ಕಣ್ಣು ಬಿಟ್ಟರು. ನನ್ನ ಬಾಯಿ ಸರಿಯಿಲ್ಲ ಅನ್ನುವುದು ಶಾಲೆಗೂ ಗೊತ್ತು, ಬೀದಿಗೂ ಗೊತ್ತು.

ಮಾತು ಬಿಟ್ಟಿದ್ದೂ ಆ ಬಾಯಿಯಿಂದಲೇ. ಆಗ ನನಗೆ ಮೂವತ್ತಮೂರು. ಅಪ್ಪ ಅಮ್ಮ ಹೋಗಿ ಬಹಳ ವರ್ಷವಾಗಿತ್ತು, ಅಣ್ಣ ಅತ್ತಿಗೆಯ ಜೊತೆಯಲ್ಲೇ ನಾನಿದ್ದೆ. ಹೊಸಕೋಟೆ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಹುಡುಗ ಅನ್ನುವುದು ಮಾತಿಗಷ್ಟೆ, ಮೂವತ್ತೆಂಟಾಗಿತ್ತು. ಮೊದಲೇ ಫೋನಿನಲ್ಲಿ ಎರಡು ಸಲ ಮಾತಾಡಿದ್ದೆವು. ಮೆಲುದನಿಯ ಮನುಷ್ಯ. ನಾನು ಏನು ಹೇಳಿದರೂ ನಗುತ್ತಿದ್ದರು. ನನ್ನ ಬಾಯಿಗೆ ಹೆದರದ ಗಂಡಸನ್ನು ಅದುವರೆಗೆ ನಾನು ನೋಡಿರಲಿಲ್ಲ. ಇಷ್ಟವಾಗಿದ್ದರು, ಅದನ್ನು ಮುಚ್ಚಿಡುವುದೇನಿದೆ.

ಅವರ ಮನೆಯವರು ನೋಡಲು ಬಂದ ದಿನ ನಾನು ಮೇಲೆ ಸೀರೆ ಉಡುತ್ತಿದ್ದೆ. ಹುಡುಗನ ತಾಯಿ ಕೈ ತೊಳೆಯುತ್ತೇನೆ ಅಂತ ಅತ್ತಿಗೆಯ ಜೊತೆ ಹಿತ್ತಲಿಗೆ ಹೋದರಂತೆ. ನಾನು ಕೆಳಗಿಳಿದು ಬರುವ ಹೊತ್ತಿಗೆ ಆಕೆಯ ಮುಖವೇ ಬೇರೆಯಾಗಿತ್ತು. ಉಪ್ಪಿಟ್ಟು ಅರ್ಧ ತಟ್ಟೆಯಲ್ಲೇ ಉಳಿಯಿತು. ಹೊರಡುವಾಗ ನನ್ನ ಕೆನ್ನೆ ಮುಟ್ಟಿ, ಆರೋಗ್ಯ ನೋಡ್ಕೊಳ್ಳಮ್ಮ ಅಂದರು. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ನಿಮ್ಮ ಮನೆ ಒಳಗಿನೋರೇ ಯಾರೋ ಏನೋ ಹೇಳಿದಾರೆ ಅಂತ ಮಧ್ಯಸ್ಥಿಕೆಯವರು ಅಣ್ಣನ ಕಿವಿಯಲ್ಲಿ ಹಾಕಿಹೋದರು.

ಮನೆ ಒಳಗಿದ್ದವರು ಅಣ್ಣ, ಅತ್ತಿಗೆ, ಅವರ ಹತ್ತು ವರ್ಷದ ಮಗಳು ಮತ್ತು ನಾನು. ಹಿತ್ತಲಿಗೆ ಹೋದವರು ಅತ್ತಿಗೆಯೊಬ್ಬರೇ. ನಾನು ಹೋಗಿ ಮಗ್ಗದ ಮುಂದೆ ನಿಂತು ಕೇಳಿದೆ. ಅತ್ತಿಗೆ ದಾರದ ಮೇಲಿಂದ ಕಣ್ಣೆತ್ತದೆ, ನಾನೇನೂ ಹೇಳಿಲ್ಲ ಅಂದರು. ಕಣ್ಣೆತ್ತಿದ್ದರೆ ನಂಬುತ್ತಿದ್ದೆನೇನೋ. ನಾನು ಕಿರುಚಿದೆ.

“ಘಾಟಿ ಸುಬ್ಬಪ್ಪನ ಆಣೆಗೂ ಇನ್ಮೇಲೆ ನಿನ್ನ ಜೊತೆ ಒಂದ್ ಮಾತಾಡಲ್ಲ. ಆಡಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ.”

ಅತ್ತಿಗೆಯನ್ನು ನಾನು ‘ನೀನು’ ಅಂದಿದ್ದು ಅದೇ ಮೊದಲು. ಘಾಟಿ ಸುಬ್ರಹ್ಮಣ್ಯನ ಆಣೆ ನಮ್ಮ ಕಡೆ ಯಾರೂ ಸುಮ್ಮನೆ ಹಾಕುವುದಿಲ್ಲ. ಆಣೆ ತಪ್ಪಿದವರಿಗೂ ತಪ್ಪಿಸಿದವರ ಮಕ್ಕಳುಮರಿಗೂ ಕೇಡು ಅನ್ನುತ್ತಾರೆ. ನನಗೆ ಅದರಲ್ಲಿ ಅಂಥ ಭಯವಿರಲಿಲ್ಲ, ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದೆ. ಅತ್ತಿಗೆ ಪ್ರತಿ ಷಷ್ಠಿಗೂ ಘಾಟಿಗೆ ಹೋಗಿಬರುವ ಮನೆಯಿಂದ ಬಂದವರು, ಅವರಿಗಿತ್ತು. ಅವತ್ತಿನಿಂದ ಅವರೂ ನನ್ನನ್ನು ನೇರವಾಗಿ ಮಾತಾಡಿಸಲಿಲ್ಲ. ಅದನ್ನು ನಾನು ಕೊಬ್ಬು ಅಂದುಕೊಂಡೆ. ಆಣೆ ಬಿಡಿಸಿಕೊಳ್ಳುವ ದಾರಿ ಇಲ್ಲದಿರಲಿಲ್ಲ. ಬಸ್ಸು ಹತ್ತಿ ಘಾಟಿಗೆ ಹೋಗಿ ತಪ್ಪು ಕಾಣಿಕೆ ಹಾಕಿ ಬಂದರೆ ಆಯಿತು. ನಾನ್ಯಾಕೆ ಹೋಗಲಿ ಅಂತ ನಾನು, ಹೋದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಅವರು. ಹಾಗೇ ಉಳಿಯಿತು.

ಮೊದಮೊದಲು ಅಣ್ಣ ನಮ್ಮಿಬ್ಬರ ನಡುವೆ ಮಾತು ಹೊತ್ತ. ನಿಮ್ಮಿಬ್ಬರ ಮಧ್ಯೆ ನಾನು ಟಪಾಲಿನವನಾದೆ ಅಂತ ಗೊಣಗುತ್ತಲೇ ಹೊತ್ತ. ಐದನೇ ವರ್ಷ ಅವನು ಎದೆನೋವು ಅಂದವನು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಅವನನ್ನು ಮನೆ ಮುಂದೆ ಮಲಗಿಸಿದಾಗ ಅತ್ತಿಗೆ ತಲೆಯ ಹತ್ತಿರ ಕೂತಿದ್ದರು, ನಾನು ಕಾಲಿನ ಹತ್ತಿರ. ‘ಅತ್ತಿಗೆ’ ಅಂತ ಒಂದು ಸಲ ಕರೆಯಬೇಕು ಅಂತ ಎಷ್ಟು ಅನ್ನಿಸಿತು. ಬೀದಿಯ ಜನವೆಲ್ಲ ನಮ್ಮನ್ನೇ ನೋಡುತ್ತಿದ್ದರು. ಕರೆಯಲಿಲ್ಲ. ಆ ಒಂದು ವಿಷಯಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಅಣ್ಣನ ಮಗಳು ಮಾತು ಹೊತ್ತಳು. ಅವಳೂ ನರ್ಸಿಂಗ್ ಓದಲು ತುಮಕೂರಿನ ಹಾಸ್ಟೆಲಿಗೆ ಹೋದ ಮೇಲೆ ಉಳಿದದ್ದು ಗೋಡೆ, ಕಿಟಕಿ, ಕುಕ್ಕರ್, ಬೆಕ್ಕು. ನಮ್ಮ ಮನೆಯ ಸಮಾಚಾರವೆಲ್ಲ ಆ ಬೆಕ್ಕಿಗೆ ಗೊತ್ತಿತ್ತು. ಶಾಲೆಯಲ್ಲಿ ದಿನವಿಡೀ ಅರಚಿ ಬಂದವಳಿಗೆ ಮನೆಯಲ್ಲಿ ಗಂಟಲು ಬೇಕಾಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಸೊಪ್ಪಿನವಳು ಬಂದಾಗ ನಾನು ಆಡುವ ಮಾತೇ ಆ ದಿನದ ಮೊದಲ ಮಾತು, ಎಷ್ಟೋ ಸಲ ಕೊನೆಯದೂ ಹೌದು. ಅತ್ತಿಗೆ ಕೆಳಗೆ ಒಬ್ಬರೇ ಎರಡು ಮಗ್ಗ ಓಡಿಸುತ್ತಿದ್ದರು. ಮಗ್ಗ ನಿಂತರೆ ಸಾಕು, ನನಗೆ ಕಸಿವಿಸಿ. ಆ ಸದ್ದಾದರೂ ಇದ್ದರೆ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಅನ್ನಿಸುತ್ತಿತ್ತು.

ಹೋದ ವರ್ಷ ಮಗಳು ಹಾಸ್ಟೆಲಿನಿಂದ ನನಗೆ ಫೋನ್ ಮಾಡಿದಳು. ಮಗ್ಗದ ಕೆಲಸ ಮೊದಲಿನಂತೆ ಸಿಗುತ್ತಿಲ್ಲ, ಏರ್‌ಪೋರ್ಟಿನ ಹತ್ತಿರದ ಹೋಟೆಲೊಂದರಲ್ಲಿ ರೂಮು ನೋಡಿಕೊಳ್ಳಲು ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆ, ನಮ್ಮ ಬೀದಿಯವರೇ ಒಬ್ಬರು ಅಲ್ಲಿದ್ದಾರೆ, ಅಮ್ಮನಿಗೂ ಆಸೆಯಿದೆ ಅಂದಳು. ಅಲ್ಲೇ ಉಳಿದುಕೊಳ್ಳಬೇಕು, ವಾರಕ್ಕೊಂದು ದಿನ ಮನೆ. ಆದರೆ ಇಂಟರ್‌ವ್ಯೂನಲ್ಲಿ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಹಾಗಂದರೆ ನಾನೇನು ಮಾಡಲಿ, ಆಣೆಯಿದೆಯಲ್ಲ ಅಂದೆ. ಪಾಠ ಬೇರೆ, ಮಾತು ಬೇರೆಯಂತೆ ಅತ್ತೆ, ಇಂಗ್ಲಿಷು ಆಣೆಗೆ ಬರಲ್ವಂತೆ, ಅಮ್ಮ ಯೋಚನೆ ಮಾಡಿಟ್ಟಿದಾಳೆ ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಫೋನಿಟ್ಟವಳು ಬೋರ್ಡಿನ ಮೇಲೆ ಮೂರು ಮನೆ ಹೊಸದಾಗಿ ಎಳೆದಿಟ್ಟೆ.

ಮರುದಿನ ಸಂಜೆ ಆರಕ್ಕೆ ಮಗ್ಗ ನಿಂತಿತು. ಅತ್ತಿಗೆ ಮುಖ ತೊಳೆದು, ತಲೆ ಬಾಚಿ, ಮಗಳ ಹಳೆಯ ನೋಟ್‌ಬುಕ್ ಹಿಡಿದು ಮೆಟ್ಟಿಲು ಹತ್ತಿ ಬಂದು ಹಿಂದಿನ ಸಾಲಿನಲ್ಲಿ ಕೂತರು. ನನ್ನ ಕ್ಲಾಸಿನಲ್ಲಿ ದಿನವೂ ಒಬ್ಬೊಬ್ಬರ ಮುಂದೆ ನಿಂತು ಒಂದು ಪ್ರಶ್ನೆ ಕೇಳುವ ಪದ್ಧತಿ. ಏಳು ಹುಡುಗಿಯರಾದ ಮೇಲೆ ಅತ್ತಿಗೆಯ ಸರದಿ. ‘ವಾಟ್ ಡು ಯು ಡೂ’ ಅಂತ ಕೇಳಬೇಕು. ಅಷ್ಟು ವರ್ಷ ಕೇಳಿದ ಪ್ರಶ್ನೆ, ಆ ‘ಯು’ ಬರುವ ಹೊತ್ತಿಗೆ ಅವರ ನೋಟ್‌ಬುಕ್ ನೋಡಿಕೊಂಡು ಕೇಳಿಬಿಟ್ಟೆ. ಕನ್ನಡದಲ್ಲಾಗಿದ್ದರೆ ಹೇಗಾದರೂ ನುಣುಚಿಕೊಳ್ಳುತ್ತಿದ್ದೆ. ಅತ್ತಿಗೆ ಎದ್ದು ನಿಂತು, ಬೋರ್ಡಿನ ಮೂರು ಮನೆಗಳನ್ನು ನೋಡಿಕೊಂಡು, ಒಂದೊಂದೇ ಪದ ಇಟ್ಟರು.

“ಐ… ರನ್… ಟೂ ಲೂಮ್ಸ್.”

ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಬೋರ್ಡ್ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಆಮೇಲೆ ಇಂಗ್ಲಿಷು ಮೆಟ್ಟಿಲಿಳಿದು ಅಡುಗೆಮನೆಗೆ ಬಂತು. ಮೂರನೇ ದಿನವೋ ನಾಲ್ಕನೇ ದಿನವೋ ಅತ್ತಿಗೆ ತಟ್ಟೆ ಹಿಡಿದು ನನ್ನ ಮುಖ ನೋಡಿ, ಯು ಈಟ್ ಅಂದರು. ಐ ಈಟ್ ಲೇಟರ್ ಅಂದೆ. ಮುಖ ನೋಡಿ! ಒಂಬತ್ತು ವರ್ಷದಲ್ಲಿ ಆ ಮುಖದಲ್ಲಿ ಕನ್ನಡಕ ಬಂದಿತ್ತು, ಕಿವಿಯ ಪಕ್ಕ ಬಿಳಿಕೂದಲು ಬಂದಿತ್ತು. ಅದನ್ನೆಲ್ಲ ಓರೆಗಣ್ಣಿನಲ್ಲಿ ನೋಡಿದ್ದೆ, ಎದುರಿನಿಂದ ನೋಡಿರಲಿಲ್ಲ.

ಮೊದಲು ವಸ್ತುಗಳ ಹೆಸರು ಕಲಿತರು. ಬಕೆಟ್, ಬೆಡ್‌ಶೀಟ್, ಪಿಲ್ಲೋ, ಟವೆಲ್. ಅರ್ಧ ಆಗಲೇ ಬರುತ್ತಿತ್ತು, ನಾವು ದಿನವೂ ಅಂಗಡಿಯಲ್ಲಿ ಕೇಳುವ ಪದಗಳೇ. ಆಮೇಲೆ ಮಾಡುವ ಪದಗಳು. ಐ ಫೋಲ್ಡ್ ದ ಬೆಡ್‌ಶೀಟ್. ಐ ಓಪನ್ ದ ವಿಂಡೋ. ನಿನ್ನೆಯ ಮಾತನ್ನು ನಿನ್ನೆಯದು ಅಂತ ಹೇಳುವುದು ಮಾತ್ರ ಅವರಿಗೆ ಒಗ್ಗಲೇ ಇಲ್ಲ. ಎಲ್ಲವೂ ಇವತ್ತು ನಡೆಯುವ ಹಾಗೇ ಹೇಳುತ್ತಿದ್ದರು. ಬೆಕ್ಕು ಹಾಲು ಕುಡಿದುಬಿಟ್ಟಿದ್ದರೆ ಕ್ಯಾಟ್ ಡ್ರಿಂಕ್ ಮಿಲ್ಕ್, ಯುವರ್ ಮಿಲ್ಕ್ ಅಂತ ಬಂದು ಚಾಡಿ ಹೇಳುತ್ತಿದ್ದರು. ಸಾರಿಗೆ ಒಗ್ಗರಣೆ ಹಾಕುತ್ತ, ಯುವರ್ ಬ್ರದರ್ ಲೈಕ್ ದಿಸ್ ಅನ್ನುತ್ತಿದ್ದರು. ತೀರಿಹೋದ ಅಣ್ಣ ಅವರ ಇಂಗ್ಲಿಷಿನಲ್ಲಿ ಇನ್ನೂ ನಮ್ಮ ಮನೆಯಲ್ಲೇ ಊಟ ಮಾಡುತ್ತಿದ್ದ. ನಾನು ಕ್ಲಾಸಿನಲ್ಲಿ ತಿದ್ದುತ್ತಿದ್ದೆ, ಅಡುಗೆಮನೆಯಲ್ಲಿ ತಿದ್ದುತ್ತಿರಲಿಲ್ಲ.

ಶಾಲೆ ಬಿಟ್ಟ ಕೂಡಲೇ ಮನೆಗೆ ಬರತೊಡಗಿದೆ. ಮೊದಲೆಲ್ಲ ಸ್ಟಾಫ್ ರೂಮಿನಲ್ಲಿ ಬೇಕಂತಲೇ ತಡ ಮಾಡುತ್ತಿದ್ದವಳು. ದಾರಿಯುದ್ದಕ್ಕೂ ಇವತ್ತು ಏನು ಹೇಳಲಿ ಅಂತ ಯೋಚಿಸುತ್ತಿದ್ದೆ. ಅವರಿಗೆ ಗೊತ್ತಿರುವ ಪದಗಳಲ್ಲೇ ಹೇಳಬೇಕಲ್ಲ. ಎರಡು ತಿಂಗಳು ಕಳೆದಿದ್ದು ಗೊತ್ತೇ ಆಗಲಿಲ್ಲ. ಒಂದು ದಿನ ಅತ್ತಿಗೆ ತಡೆಯಿಲ್ಲದೆ ಹತ್ತು ವಾಕ್ಯ ಹೇಳಿ ಕೂತಾಗ ಖುಷಿಯಾಯಿತು, ಖುಷಿಯ ಹಿಂದೆಯೇ ಭಯವಾಯಿತು. ಇವರು ಕಲಿತಷ್ಟೂ ಇವರು ಹೊರಡುವ ದಿನ ಹತ್ತಿರವಾಗುತ್ತಿತ್ತು. ಕಲಿಸುತ್ತಿದ್ದವಳು ನಾನೇ.

ಇಂಟರ್‌ವ್ಯೂಗೆ ವಾರವಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಅಭ್ಯಾಸಕ್ಕೆ ಕೂತೆವು. ನಾನು ಹೋಟೆಲಿನವಳು, ಅವರು ಕೆಲಸಕ್ಕೆ ಬಂದವರು. ನಿಮ್ಮ ಮನೆಯವರ ಬಗ್ಗೆ ಹೇಳಿ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಗಂಡ ಇಲ್ಲ, ಮಗಳು ಒಬ್ಬಳು, ನಾದಿನಿ ಒಬ್ಬಳು ಅಂದರು. ನಾದಿನಿ ಟೀಚರ್ ಅಂದರು. ಆಮೇಲೆ, ಶಿ ಈಸ್ ನಾಟ್ ಮ್ಯಾರೀಡ್ ಅಂದರು. ಅದು ನಾವು ಬರೆದುಕೊಂಡ ಉತ್ತರದಲ್ಲಿರಲಿಲ್ಲ. ನನ್ನ ಬಾಯಿಂದ ‘ವೈ’ ಅಂತ ಬಂದುಬಿಟ್ಟಿತು. ಅದೂ ಬರೆದುಕೊಂಡ ಪ್ರಶ್ನೆಯಲ್ಲ.

ಅತ್ತಿಗೆ ಬೋರ್ಡಿನ ಮೂರು ಮನೆಗಳನ್ನು ನೋಡಿಕೊಂಡು ಶುರು ಮಾಡಿದರು.

“ದೇ ಕಮ್ ಹೋಮ್. ದ ಮದರ್ ಆಸ್ಕ್ ಮಿ. ಐ ಸೇ, ಶಿ ಹ್ಯಾವ್ ಫಿಟ್ಸ್.”

ನನಗೆ ಮೂರ್ಛೆರೋಗ ಇದೆ ಅಂತ ಹೇಳಿದ್ದರು. ನನಗೆ ಒಂದು ದಿನ ತಲೆ ಸುತ್ತಿ ಬಿದ್ದದ್ದೂ ಗೊತ್ತಿಲ್ಲ. ಆ ತಾಯಿ ಯಾಕೆ ಕೆನ್ನೆ ಮುಟ್ಟಿದರು, ಆಮೇಲೆ ಯಾಕೆ ಒಂದು ಸಂಬಂಧವೂ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ ಅನ್ನುವುದೆಲ್ಲ ಒಂದೇ ಏಟಿಗೆ ಅರ್ಥವಾಯಿತು. ಯಾಕೆ ಹಾಗೆ ಹೇಳಿದಿರಿ ಅಂತ ಇಂಗ್ಲಿಷಿನಲ್ಲೇ ಕೇಳಿದೆ. ಸಿಟ್ಟಿನಲ್ಲೂ ಭಾಷೆ ತಪ್ಪಲಿಲ್ಲ ನೋಡಿ. ಅತ್ತಿಗೆ ಪದ ಹುಡುಕಿದರು, ಸಿಗಲಿಲ್ಲ, ಸಿಕ್ಕಷ್ಟನ್ನೇ ಜೋಡಿಸಿದರು.

“ಯುವರ್ ಬ್ರದರ್ ಔಟ್, ಆಲ್ ಡೇ. ಚೈಲ್ಡ್ ಗೋ ಸ್ಕೂಲ್. ಲೂಮ್ ಓನ್ಲಿ. ಯು ಟಾಕ್, ಐ ಲಾಫ್. ಯು ಗೋ… ಹೂ ಟಾಕ್?”

ಗಂಡ ದಿನವಿಡೀ ಹೊರಗೆ, ಮಗು ಶಾಲೆಗೆ, ಉಳಿದದ್ದು ಮಗ್ಗದ ಸದ್ದು. ಮನೆಯಲ್ಲಿ ಮಾತಾಡುತ್ತಿದ್ದವಳು ನಾನೊಬ್ಬಳು, ಅದನ್ನು ಕೇಳಿ ಅವರು ನಗುತ್ತಿದ್ದರು. ನಾನು ಮದುವೆಯಾಗಿ ಹೋದರೆ ತನ್ನ ಜೊತೆ ಮಾತಾಡುವವರು ಯಾರು ಅಂತ ಅವರಿಗೆ ಹೆದರಿಕೆಯಾಗಿತ್ತು. ಅದಕ್ಕೆ ನನ್ನನ್ನು ಉಳಿಸಿಕೊಂಡರು. ಉಳಿಸಿಕೊಂಡ ವಾರದಲ್ಲೇ ನಾನು ಮಾತು ಬಿಟ್ಟೆ.

ನಾನು ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನವರೆಗೂ ನಡೆದೆ. ಬಾಯಿಗೆ ಬರದ ಬೈಗುಳವಿಲ್ಲ, ಎಲ್ಲ ಅಪ್ಪಟ ಕನ್ನಡದಲ್ಲಿ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಹೊಸಕೋಟೆಯ ಆ ಮನುಷ್ಯನ ದನಿ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಅವರಿಗೆ ಮದುವೆಯಾಗಿ ಮಕ್ಕಳಾಗಿವೆ ಅಂತ ಕೇಳಿದ್ದೆ. ನನಗೆ ನಲವತ್ತೆರಡು. ಅಳು ಬಂತು, ಅತ್ತುಬಿಟ್ಟೆ, ಪಕ್ಕದಲ್ಲಿದ್ದ ಹೆಂಗಸು ಎದ್ದು ದೂರ ಕೂತಳು. ಇಷ್ಟಾದರೂ ಅತ್ತಿಗೆಯ ಆ ಕೊನೆಯ ಮಾತು ನನ್ನ ಕಿವಿ ಬಿಡಲಿಲ್ಲ. ಈ ಜನ್ಮದಲ್ಲಿ ನನ್ನ ಮಾತು ಬೇಕು ಅಂತ ಆಸೆಪಟ್ಟವರು ಇಬ್ಬರೇ. ಅದರಲ್ಲಿ ಒಬ್ಬರು ಇನ್ನೊಬ್ಬರನ್ನು ಓಡಿಸಿದ್ದರು. ಸಂಜೆಗೆ ಮನೆಗೆ ಬಂದೆ. ಸೋಮವಾರ ಎಂದಿನ ಹಾಗೆ ಕ್ಲಾಸು ತೆಗೆದುಕೊಂಡೆ. ಆ ವಾರ ನಾನು ಅವರಿಗೆ ಸರಿಯಾಗಿಯೇ ಕಲಿಸಿದೆ, ಅದೊಂದು ಮಾತ್ರ ಸುಳ್ಳಲ್ಲ.

ಇಂಟರ್‌ವ್ಯೂಗೆ ಅತ್ತಿಗೆ ಒಬ್ಬರೇ ದೇವನಹಳ್ಳಿಗೆ ಹೋಗಿಬಂದರು. ಬಂದವರ ಮುಖದಲ್ಲಿ ಮದುವೆಯಾಗಿ ಬಂದ ಹೊಸದರಲ್ಲಿದ್ದ ಕಳೆ ಇತ್ತು. ಕೇಳಿದ್ದಕ್ಕೆಲ್ಲ ಹೇಳಿದೆ, ಅವರು ನಕ್ಕರು, ಒಳ್ಳೆಯ ನಗು ಅಂತ ತಮ್ಮ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದರು. ಗೊತ್ತಿರುವವರು ಒಬ್ಬರ ನಂಬರ್ ಕೊಡಿ, ವಿಚಾರಿಸುತ್ತೇವೆ ಅಂದರಂತೆ. ಟೀಚರ್ ಅಂತ ನನ್ನ ನಂಬರ್ ಕೊಟ್ಟಿದ್ದರು.

ಬುಧವಾರ ಮೂರನೇ ಪೀರಿಯಡ್ಡಿನಲ್ಲಿ ಫೋನ್ ಬಂತು. ನಾನು ಶಾಲೆಯ ಜಗಲಿಗೆ ಬಂದು ನಿಂತೆ. ಹೆಣ್ಣು ದನಿ, ಬಹಳ ನಯ. ನಿಮ್ಮ ವಿದ್ಯಾರ್ಥಿನಿ ನಮಗೆ ತುಂಬಾ ಹಿಡಿಸಿದ್ದಾರೆ, ಸುಮ್ಮನೆ ಒಂದು ಮಾತು ಕೇಳೋಣ ಅಂತ, ಗೆಸ್ಟುಗಳ ಜೊತೆ ಕೆಲಸ ಮಾಡಲು ಅವರಿಗೆ ಏನಾದರೂ ತೊಂದರೆ ಇದೆಯೇ ಅಂತ ಕೇಳಿದರು. ಇಲ್ಲ ಅಂದರೆ ಮುಗಿಯುತ್ತಿತ್ತು. ನನ್ನ ಕಣ್ಣಿಗೆ ಮನೆ ಕಂಡಿತು. ಮಗ್ಗ ನಿಂತಿದೆ, ಬಾಗಿಲು ನಾನೇ ತೆಗೆಯುತ್ತಿದ್ದೇನೆ, ಒಂದು ತಟ್ಟೆ ಹಾಕಿಕೊಂಡು ಕೂರುತ್ತಿದ್ದೇನೆ, ಭಾನುವಾರ ಸೊಪ್ಪಿನವಳು ಬರುತ್ತಾಳೆ.

“ಶಿ ಈಸ್ ಎ ವೆರಿ ಗುಡ್ ವರ್ಕರ್. ಬಟ್ ಹರ್ ಹಿಯರಿಂಗ್ ಈಸ್ ಪೂರ್.”

ಕಿವಿ ಸರಿಯಾಗಿ ಕೇಳುವುದಿಲ್ಲ ಅಂದೆ. ಮಗ್ಗದವರಲ್ಲವೇ, ವರ್ಷಗಟ್ಟಲೆ ಆ ಸದ್ದಿನಲ್ಲಿ ಇದ್ದವರು ಅಂತಲೂ ಸೇರಿಸಿದೆ. ನಮ್ಮ ಬೀದಿಯಲ್ಲಿ ಎಷ್ಟೋ ಜನರ ಮಟ್ಟಿಗೆ ಅದು ನಿಜ. ಅತ್ತಿಗೆಯ ಮಟ್ಟಿಗೆ ಅಲ್ಲ. ಅವರು ನಮ್ಮ ಮನೆಗೆ ಬಂದ ದಿನದಿಂದ ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಮಗ್ಗದ ಮುಂದೆ ನಿಲ್ಲುವವರು. ಮೇಲೆ ನಾನು ಹಾಳೆ ಹರಿದರೆ ಕೆಳಗೆ ಕೇಳಿಸುತ್ತದೆ ಅವರಿಗೆ. ಆ ಹೆಣ್ಣುಮಗಳು ಅಯ್ಯೋ ಪಾಪ ಅನ್ನುವ ದನಿಯಲ್ಲಿ ಥ್ಯಾಂಕ್ಯೂ ಮ್ಯಾಡಮ್ ಅಂದಳು. ಯಾರು, ಏನು ಅನ್ನುವುದೆಲ್ಲ ನನ್ನ ವಾಕ್ಯದಲ್ಲಿ ತಂತಮ್ಮ ಜಾಗದಲ್ಲಿತ್ತು. ಬೋರ್ಡಿನ ಮೇಲೆ ಬರೆದು ತೋರಿಸಬಹುದಾಗಿತ್ತು.

ಅತ್ತಿಗೆ ಮಾಡಿದ್ದಕ್ಕೆ ನಾನು ಸೇಡು ತೀರಿಸಿಕೊಂಡೆ ಅಂತ ಓದುವವರಿಗೆ ಅನ್ನಿಸಬಹುದು. ನನಗೂ ಹಾಗೇ ಅಂದುಕೊಳ್ಳುವ ಆಸೆಯಿದೆ. ಆ ಹೊತ್ತಿನಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ, ಬರೀ ಹೆದರಿಕೆ. ಅವರು ಹಿತ್ತಲಲ್ಲಿ ನಿಂತು ಹೆದರಿದ್ದರಲ್ಲ, ಅದೇ ಹೆದರಿಕೆ. ಅದು ಎದುರಿನವರಿಗೆ ಏನು ಮಾಡುತ್ತದೆ ಅಂತ ಅವರಿಗೆ ಆಗ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ, ಅವರು ಕಾಲ್ ಮಾಡಿದರಾ ಅಂತ ಅತ್ತಿಗೆ ಇಂಗ್ಲಿಷಿನಲ್ಲಿ ಕೇಳಿದರು. ನೋ ಅಂದೆ. ಮಾರನೇ ದಿನವೂ ಕೇಳಿದರು. ತಮ್ಮ ಫೋನನ್ನು ಮಗ್ಗದ ಪಕ್ಕದ ಸ್ಟೂಲಿನ ಮೇಲಿಟ್ಟುಕೊಳ್ಳುತ್ತಿದ್ದರು. ಅದರ ಬೆಳಕು ಬಂದಾಗಲೆಲ್ಲ ಮಗ್ಗ ನಿಲ್ಲಿಸುತ್ತಿದ್ದರು. ಯಾವುದೋ ಕಂಪನಿಯ ಜಾಹೀರಾತಿನ ಕರೆಗೆ, ಹಲೋ, ಗುಡ್ ಮಾರ್ನಿಂಗ್, ದಿಸ್ ಈಸ್ ಮಿ ಅನ್ನುವುದು ಮೇಲಿದ್ದ ನನಗೆ ಕೇಳಿಸುತ್ತಿತ್ತು. ಮೂರು ವಾರವಾದ ಮೇಲೆ ಕೇಳುವುದನ್ನು ಬಿಟ್ಟರು. ಕ್ಲಾಸಿಗೆ ಬರುವುದನ್ನೂ ಬಿಟ್ಟರು.

ಒಂದು ಮಂಗಳವಾರ ನನಗೆ ರಜೆಯಿತ್ತು. ಎದ್ದಾಗ ಅತ್ತಿಗೆ ಮನೆಯಲ್ಲಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಣೆತುಂಬ ಕುಂಕುಮ, ಕೈಯಲ್ಲಿ ಪ್ರಸಾದದ ಪೊಟ್ಟಣ ಹಿಡಿದು ಬಂದರು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ. ಬಾಗಿಲಲ್ಲಿ ನಿಂತು, ಘಾಟಿಗೆ ಹೋಗಿದ್ದೆ, ಇಬ್ಬರ ಪರವಾಗಿಯೂ ತಪ್ಪು ಕಾಣಿಕೆ ಹಾಕಿ ಆಣೆ ಬಿಡಿಸಿಕೊಂಡು ಬಂದೆ ಅಂದರು. ಕನ್ನಡದಲ್ಲಿ ಅಂದರು.

“ಕೆಲ್ಸ ಸಿಗ್ಲಿಲ್ಲ ಅಂತ ನಂಗೇನ್ ಬೇಜಾರಿಲ್ಲ ಕಣೆ. ನಿಂಗೆ ನಾನ್ ಮಾಡಿದ್ನಲ್ಲ, ದೇವ್ರು ನಂಗೂ ಹಂಗೇ ಮಾಡ್ದ. ಒಳ್ಳೇದೇ ಆಯ್ತು ಬಿಡು, ನಾನ್ ಹೋಗಿದ್ರೆ ನೀನೊಬ್ಳೇ ಆಗ್ಬಿಡ್ತಿದ್ದೆ.”

ಅಷ್ಟು ವರ್ಷದ ಮೇಲೆ ನನ್ನನ್ನು ‘ನೀನು’ ಅಂದರು. ದೇವರಲ್ಲ ಅತ್ತಿಗೆ, ನಾನು ಮಾಡಿದ್ದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಬೈಯುತ್ತಿದ್ದರು, ಎರಡು ದಿನ ಊಟ ಬಿಡುತ್ತಿದ್ದರು, ಆಮೇಲೆ ಆ ಹೋಟೆಲಿನವರಿಗೆ ಫೋನ್ ಮಾಡಿಸುತ್ತಿದ್ದರು. ಆ ಕೊನೆಯದು ನನಗೆ ಬೇಡವಾಗಿತ್ತು.

“ಊಟ ಮಾಡಿ ಅತ್ತಿಗೆ, ಬಿಸಿಲಲ್ಲಿ ಬಂದಿದೀರ” ಅಂದೆ.

ಈಗ ನಮ್ಮ ಮನೆಯಲ್ಲಿ ಮಾತಿಗೆ ಬರವಿಲ್ಲ. ಒಂಬತ್ತು ವರ್ಷದ್ದನ್ನು ಅತ್ತಿಗೆ ಮೊದಲಿಂದ ಹೇಳುತ್ತಾರೆ. ಯಾವ ಹಬ್ಬದಲ್ಲಿ ನನಗೆ ಏನು ಹೇಳಬೇಕು ಅಂದುಕೊಂಡಿದ್ದರು, ಅಣ್ಣ ಹೋದ ದಿನ ನಾನು ಕರೆಯುತ್ತೇನೆ ಅಂತ ಹೇಗೆ ಕಾದಿದ್ದರು, ಎಲ್ಲ. ನಾನು ಕೇಳುತ್ತೇನೆ. ಮೊದಲು ಮಾತಾಡುತ್ತಿದ್ದವಳು ನಾನು, ನಗುತ್ತಿದ್ದವರು ಅವರು. ಈಗ ಅವರೇ ಮಾತಾಡುತ್ತಾರೆ. ನೀನ್ಯಾಕೆ ಇಷ್ಟು ತಣ್ಣಗಾಗಿಬಿಟ್ಟೆ ಅಂತ ಕೇಳುತ್ತಾರೆ. ಇಂಗ್ಲಿಷು ಅಡುಗೆಮನೆ ಬಿಟ್ಟು ಹೋಗಿದೆ. ಅವರು ಎದುರಿಗೆ ಕೂತು ಮಾತಾಡುತ್ತಿರುವಾಗಲೇ ನಾನು ಒಬ್ಬಳೇ ಇದ್ದೇನೆ ಅನ್ನಿಸುತ್ತದೆ, ಬೆಕ್ಕಿನ ಜೊತೆ ಮಾತಾಡುತ್ತಿದ್ದ ಕಾಲಕ್ಕಿಂತ ಹೆಚ್ಚಾಗಿ.

ಹೋದ ತಿಂಗಳು ಆ ಹೋಟೆಲಿನಲ್ಲಿ ಕೆಲಸಕ್ಕಿರುವ ನಮ್ಮ ಬೀದಿಯ ಹೆಂಗಸು ಬಂದು, ಅಲ್ಲಿ ಮತ್ತೆ ಜನ ತೆಗೆದುಕೊಳ್ಳುತ್ತಿದ್ದಾರೆ ಅಂತ ಹೇಳಿ ಹೋದಳು. ಅತ್ತಿಗೆ ಮಗ್ಗ ನಿಲ್ಲಿಸಿ ಮೆಟ್ಟಿಲ ಬುಡಕ್ಕೆ ಬಂದು, ಇನ್ನೊಂದ್ಸಲ ಹೋಗಿ ನೋಡ್ಲಾ ಅಂತ ನನ್ನನ್ನು ಕೇಳಿದರು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ. ಈ ವಯಸ್ಸಲ್ಲಿ ಯಾಕೆ ಬಿಡಿ ಅತ್ತಿಗೆ ಅಂದೆ.

“ನೀನ್ ಹೇಳಿದ್ಮೇಲೆ ಸರಿ ಕಣೆ” ಅಂದು ಅವರು ಕಿವಿಗೆ ಹತ್ತಿ ಇಟ್ಟುಕೊಂಡು ಮಗ್ಗದ ಕಡೆ ಹೋದರು.